ಕಲ್ಲನ್ನು ಉಕ್ಕಿನಲ್ಲಿ ನೋಡುವುದು

ಅರಳಗುಪ್ಪೆಯ ಚೆನ್ನಕೇಶವ ಗುಡಿಯನ್ನು ನೋಡಿ ಬಂದವರು ಕುಸುರಿ ಕೆಲಸದ ಮಾತೆತ್ತುತ್ತಾರೆ, ಉಳಿಯ ಮಾತೆತ್ತುವವರು ಕಡಿಮೆ. ಹೊಯ್ಸಳರ ಕಾಲದ, ಹದಿಮೂರನೆಯ ಶತಮಾನದ ಗುಡಿ ಅದು. ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ನಾವು ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ತೀಡಿದ ಬಳಪವೂ ಇದೇ ಕುಲದ್ದು. ಅದರೊಳಗಿನ ಟಾಲ್ಕ್ ಎಂಬ ಖನಿಜ ಉಗುರು ತಾಗಿಸಿದರೂ ಗೆರೆ ಬೀಳುವಷ್ಟು ಮೆದು. 1812ರಲ್ಲಿ ಫ್ರೀಡ್ರಿಕ್ ಮೋಸ್ ಖನಿಜಗಳ ಗಡಸುತನವನ್ನು ಹತ್ತು ಮೆಟ್ಟಿಲಲ್ಲಿ ಜೋಡಿಸಿದಾಗ ಟಾಲ್ಕನ್ನು ಎಲ್ಲಕ್ಕೂ ಕೆಳಗೆ, ಒಂದನೆಯದರಲ್ಲಿ ಕೂರಿಸಿದ, ಹತ್ತನೆಯದರಲ್ಲಿ ವಜ್ರ. ಚೆನ್ನಾಗಿ ಹದ ಹಾಕಿದ ಉಕ್ಕು ಆರರಿಂದ ಆರೂವರೆಯ ಸುತ್ತಮುತ್ತ ನಿಲ್ಲುತ್ತದೆ. ಹಾಗಾಗಿ ಅರಳಗುಪ್ಪೆಯಲ್ಲಿ ಉಕ್ಕು ಕಲ್ಲನ್ನು ಸಲೀಸಾಗಿ ಸೋಲಿಸಿತು. ಕಲ್ಲು ಸೋತದ್ದರಿಂದಲೇ ವಿಗ್ರಹಗಳ ಕೊರಳಿಗೆ ಸರ, ಬೆರಳಿಗೆ ಉಂಗುರ ಬಂದವು.

ಕ್ಷೌರದ ಕತ್ತಿ ಮಸೆಯುವ ಕಲ್ಲಿನಲ್ಲಿ ಇದು ತಿರುಗುಮುರುಗಾಗುತ್ತದೆ. ಅಲ್ಲಿ ಕಲ್ಲು ಗೆಲ್ಲಬೇಕು, ಉಕ್ಕು ಸವೆಯಬೇಕು. ಆದರೆ ಕಲ್ಲು ಮಿತಿಮೀರಿ ಗೆದ್ದರೆ ಕತ್ತಿ ಕೆನ್ನೆಯನ್ನು ಕೆರೆಯುತ್ತದೆ. ಈ ಮಿತಿ ಯಾವ ಕಲ್ಲಿನಲ್ಲಿ ಹೇಗೆ ಒದಗಿ ಬರುತ್ತದೆ ಎಂದು ನೋಡುವ ಗೀಳು ಇತ್ತೀಚೆಗೆ ನನಗೆ ಹತ್ತಿದೆ. ಗೀಳು ಹತ್ತಿದ್ದು ತೆಂಗಿನ ಸೀಮೆಯಲ್ಲಿ ಇರುವುದರಿಂದಲೂ ಇದ್ದೀತು. ಇಲ್ಲಿ ಮಸೆಯುವುದು ದಿನದ ಕೆಲಸ.

ತಿಪಟೂರಿನ ಉಂಡೆ ಕೊಬ್ಬರಿ ಆಗುವ ಬಗೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ ಹತ್ತಿರ ಹತ್ತಿರ ಒಂದು ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಮೇಲೆ ಮಟ್ಟೆ ಸುಲಿದು, ಮಚ್ಚಿನಿಂದ ಚಿಪ್ಪನ್ನಷ್ಟೇ ಬಡಿದು ಒಡೆಯಬೇಕು. ಉಂಡೆಗೆ ಏಟು ಬಿದ್ದು ಹೋಳಾದರೆ ಬೆಲೆಯೂ ಬಿತ್ತು. ಆ ಮಚ್ಚನ್ನು ಮಸೆಯಲು ಯಾರೂ ಪೇಟೆಯಿಂದ ಕಲ್ಲು ತರುವುದಿಲ್ಲ. ಬಾವಿಕಟ್ಟೆ, ಹಟ್ಟಿಯ ಚಪ್ಪಡಿ, ನೀರಿನ ತೊಟ್ಟಿಯ ಅಂಚು, ಯಾವುದು ಕೈಗೆ ಹತ್ತಿರವೋ ಅದು. ಹಳೆಯ ಚಪ್ಪಡಿಗಳಲ್ಲಿ ಹೀಗೆ ಉಜ್ಜಿ ಉಜ್ಜಿ ಆದ ಗುಳಿಗಳು ಇವೆ. ಕಗ್ಗಲ್ಲಿನಲ್ಲಿ ಬೆಣಚು ಇದೆ, ಮೋಸ್‌ನ ಏಣಿಯಲ್ಲಿ ಅದು ಏಳು. ಉಕ್ಕನ್ನು ತಿನ್ನಲು ಅಷ್ಟು ಸಾಕು. ಬಳ್ಳಾರಿ ಬಳಿಯ ಸಂಗನಕಲ್ಲು ಹಿರೇಗುಡ್ಡದಲ್ಲಿ ನವಶಿಲಾಯುಗದವರು ಡಾಲರೈಟ್ ಕಲ್ಲಿನ ಕೊಡಲಿಗಳನ್ನು ಕಗ್ಗಲ್ಲ ಬಂಡೆಗೆ ನೀರು ಹಾಕಿ ಉಜ್ಜಿ ನಯ ಮಾಡುತ್ತಿದ್ದರು. ಮೂರು ಸಾವಿರ ವರ್ಷಕ್ಕೂ ಹಿಂದಿನ ಆ ಉಜ್ಜುಗುಳಿಗಳು ಇಂದಿಗೂ ಬಂಡೆಯಲ್ಲಿ ಉಳಿದಿವೆ. ಉಕ್ಕು ಬರುವ ಮೊದಲೇ ಮಸೆಯುವ ಕೆಲಸ ನಮ್ಮಲ್ಲಿ ಪಕ್ವವಾಗಿತ್ತು.

ಆದರೆ ಮಚ್ಚಿಗೆ ಒಗ್ಗುವ ಕಗ್ಗಲ್ಲು ಕ್ಷೌರದ ಕತ್ತಿಗೆ ಒಗ್ಗದು. ಅದರ ಬೆಣಚಿನ ಹರಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ನಮ್ಮ ತಲೆಗೂದಲು ಸುಮಾರು ಐವತ್ತರಿಂದ ನೂರು ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಚೆನ್ನಾಗಿ ಮಸೆದ ಕ್ಷೌರದ ಕತ್ತಿಯ ಬಾಯಿ ತುದಿಯಲ್ಲಿ ಅರ್ಧ ಮೈಕ್ರಾನೂ ಇರುವುದಿಲ್ಲ. ಅಂಥ ಬಾಯನ್ನು ಮಾಡುವ ಕಲ್ಲಿನ ಕಣ ಅದಕ್ಕಿಂತ ಸಣ್ಣದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಇರುವುದಿಲ್ಲ ಎನ್ನುವುದರಲ್ಲಿಯೇ ಇದರ ಸ್ವಾರಸ್ಯ.

ಬೆಲ್ಜಿಯಂನ ಆರ್ಡೆನ್ ಬೆಟ್ಟಸೀಮೆಯಲ್ಲಿ ವಿಯೆಲ್‌ಸಾಲ್ಮ್ ಎಂಬ ಊರಿದೆ. ಅದರ ಸುತ್ತ ಸಿಗುವ ಕೆನೆಬಣ್ಣದ, ಹಳದಿ ಛಾಯೆಯ ಕೋಟಿಕ್ಯೂಲ್ ಎಂಬ ಕಲ್ಲು ಕ್ಷೌರದ ಕತ್ತಿಯವರ ನಡುವೆ ಬಹಳ ಹೆಸರಾದದ್ದು. ತೆಳ್ಳಗಿನ ಪದರವಾಗಿ ಸಿಗುವುದರಿಂದ ಅದಕ್ಕೆ ಅಡಿಯಲ್ಲಿ ಸ್ಲೇಟುಗಲ್ಲಿನ ಆಧಾರ ಇರುತ್ತದೆ, ಕೆಲವು ಸಲ ಹುಟ್ಟಿನಿಂದಲೇ ಕೂಡಿಕೊಂಡು, ಹಲವು ಸಲ ಅಂಟಿಸಿ. ಇದರ ತುಂಬ ಸ್ಪೆಸ್ಸಾರ್ಟಿನ್ ಎಂಬ ಗಾರ್ನೆಟ್ ಹರಳುಗಳು, ಒಂದೊಂದೂ ಸುಮಾರು ಐದರಿಂದ ಹದಿನೈದು ಮೈಕ್ರಾನ್. ಅಂದರೆ ಕತ್ತಿಯ ಬಾಯಿಗಿಂತ ಹತ್ತು ಪಟ್ಟು, ಇಪ್ಪತ್ತು ಪಟ್ಟು ದೊಡ್ಡವು. ಆದರೂ ಬಾಯಿ ಹಾಳಾಗುವುದಿಲ್ಲ. ಕಾರಣ ಹರಳಿನ ಆಕಾರ. ಗಾರ್ನೆಟ್ ಹನ್ನೆರಡು ಮುಖಗಳ ಗುಂಡು ಹರಳಾಗಿ ಬೆಳೆಯುತ್ತದೆ. ಮುಖಗಳು ಸೇರುವ ಕೋನ ಮೊಂಡು. ನುಚ್ಚು ಹಾಕಿ ತೊಳಸಿದ ರಾಗಿಮುದ್ದೆಯಲ್ಲಿ ಅಕ್ಕಿಕಾಳು ಹೂತು ಕೂತಂತೆ ಇವು ಮೆತ್ತನೆಯ ಅಭ್ರಕದ ಹಿಟ್ಟಿನಲ್ಲಿ ಮುಕ್ಕಾಲು ಪಾಲು ಮುಳುಗಿ, ನೆತ್ತಿಯನ್ನಷ್ಟೇ ಹೊರಗೆ ಇಟ್ಟುಕೊಂಡಿರುತ್ತವೆ. ಉಕ್ಕು ಮೇಲೆ ಹಾಯುವಾಗ ಆ ನೆತ್ತಿ ಆಳಕ್ಕೆ ಇಳಿಯದೆ ಅಗಲವಾದ, ತೆಳುವಾದ ಗೀರು ಎಳೆಯುತ್ತದೆ. ಬಾಯಿಯ ನಯ ನಿಲ್ಲುವುದು ಗೀರಿನ ಆಳದ ಮೇಲೆ.

ಅದೇ ಕಲ್ಲಿಗೆ ಇನ್ನೊಂದು ಚೂರು ಕಲ್ಲು ಉಜ್ಜಿ ಹಾಲಿನಂಥ ಗಸಿ ಎಬ್ಬಿಸಿದರೆ ಹರಳುಗಳು ಬಿಡಿಸಿಕೊಂಡು ಉರುಳಾಡುತ್ತವೆ, ಕಲ್ಲು ಚುರುಕಾಗುತ್ತದೆ. ಗಸಿ ತೊಳೆದು ಬರೀ ನೀರು ಬಿಟ್ಟರೆ ನಿಧಾನವಾಗುತ್ತದೆ, ಹೊಳಪು ಕೊಡುತ್ತದೆ. ಒಂದೇ ಕಲ್ಲಿಗೆ ಹೀಗೆ ಎರಡು ಗುಣ. ಇದನ್ನು ಮರೆತು ಈ ಕಲ್ಲು ಇಷ್ಟು ನಯ, ಆ ಕಲ್ಲು ಅಷ್ಟು ನಯ ಎಂದು ಸಂಖ್ಯೆ ಕಟ್ಟುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಸ್ಪೆಸ್ಸಾರ್ಟಿನ್ ಎಂಬುದು ಮ್ಯಾಂಗನೀಸಿನ ಗಾರ್ನೆಟ್. ಕಡಲ ತಳದ ಜೇಡಿಯಲ್ಲಿ ಮ್ಯಾಂಗನೀಸ್ ಬೆರೆತು, ಅದು ಆಳಕ್ಕೆ ಹೋಗಿ ಕಾದು ಒತ್ತಿಸಿಕೊಂಡರೆ ಇಂಥ ಹರಳು ಹುಟ್ಟುತ್ತದೆ. ಮ್ಯಾಂಗನೀಸ್ ಎಂದ ಕೂಡಲೇ ನಮ್ಮ ಕಡೆಯವರ ಕಿವಿ ನಿಮಿರಬೇಕು. ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲು ಚಿತ್ರದುರ್ಗದ ಶಿಸ್ಟ್ ಪಟ್ಟಿಗೆ ಸೇರಿದ್ದು. ಕಬ್ಬಿಣದ ಅದಿರಿನ ಜೊತೆಗೆ ಮ್ಯಾಂಗನೀಸ್ ಅದಿರೂ ಅಲ್ಲಿ ಇದೆ, ಗಣಿಗಾರಿಕೆಯೂ ಆಗಿದೆ. ವಯಸ್ಸಿನಲ್ಲಿ ಆರ್ಡೆನ್ ಕಲ್ಲು ನಮ್ಮ ಬೆಟ್ಟದ ಮುಂದೆ ಕೂಸು: ಅದಕ್ಕೆ ಐವತ್ತು ಕೋಟಿ ವರ್ಷವೂ ಆಗಿಲ್ಲ, ನಮ್ಮದಕ್ಕೆ ಇನ್ನೂರ ಐವತ್ತು ಕೋಟಿ ದಾಟಿದೆ. ಹಾಗೆಂದು ನಮ್ಮ ಬೆಟ್ಟದಲ್ಲೂ ಕೋಟಿಕ್ಯೂಲ್ ಅಡಗಿದೆ ಎಂದು ಯಾರೂ ಸನಿಕೆ ಹಿಡಿದು ಹೊರಡಬೇಡಿ. ಧಾತು ಒಂದೇ ಆದರೆ ಸಾಲದು, ಜೇಡಿಯ ನುಣುಪು, ಕಾವು, ಒತ್ತಡ, ಹರಳು ಬೆಳೆದು ನಿಂತ ಗಾತ್ರ, ಎಲ್ಲವೂ ಒಂದು ಹದಕ್ಕೆ ಬರಬೇಕು.

ಉಳಿದ ಹೆಸರುವಾಸಿ ಕಲ್ಲುಗಳನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಅರ್ಕಾನ್ಸಾ ಸೀಮೆಯ ನೊವಾಕ್ಯುಲೈಟ್ ಹೆಚ್ಚುಕಡಿಮೆ ಪೂರ್ತಿ ಬೆಣಚು, ಸಣ್ಣ ಸಣ್ಣ ಕಣಗಳು ಒಂದಕ್ಕೊಂದು ಕಚ್ಚಿಕೊಂಡಿವೆ. ಗಸಿಯೇ ಏಳದಷ್ಟು ಬಿಗಿ. ಜರ್ಮನಿಯ ತುರಿಂಗಿಯಾದ್ದು ಸ್ಲೇಟು, ಅದರ ಮೇಲೆ ಎಶರ್ ಎಂಬ ಚೀಟಿ ಅಂಟಿದ್ದರೆ ಬೆಲೆ ಕೇಳುವ ಹಾಗಿಲ್ಲ. ಜಪಾನಿನ ಕ್ಯೋಟೋ ಸುತ್ತಲಿನ ನಕಯಾಮದಂಥ ಗಣಿಗಳ ಕಲ್ಲು ಕಡಲ ತಳದ ಸಿಲಿಕಾ ಕೆಸರು ಗಟ್ಟಿಯಾದದ್ದು. ಕತ್ತಿ ಮಸೆಯುವವರ ಕೈಯಲ್ಲಿ ಆ ಕಲ್ಲಿಗೆ ಭಕ್ತಿಯೇ ಸಲ್ಲುತ್ತದೆ. ಚೀಟಿಯನ್ನೂ ಭಕ್ತಿಯನ್ನೂ ಪಕ್ಕಕ್ಕಿಟ್ಟು ಭೂತಗನ್ನಡಿಯ ಕೆಳಗೆ ಇಟ್ಟರೆ ಇವು ಹೇಗೆ ಕಾಣುತ್ತವೆ?

ಬಹುಪಾಲು ಏನೂ ಕಾಣುವುದಿಲ್ಲ. ಕೋಟಿಕ್ಯೂಲ್ ಕೆನೆಬಣ್ಣದ ಮಸುಕು. ಸ್ಲೇಟು ಬೂದುಬಣ್ಣದ ಮಸುಕು. ಹಿಂದೆ ಯಾರೋ ಸಮತಟ್ಟು ಮಾಡುವಾಗ ಬಿದ್ದ ಗೀರುಗಳನ್ನು ಕಂಡು ಅದನ್ನೇ ಕಲ್ಲಿನ ಎಳೆ ಎಂದು ಭ್ರಮಿಸುವವರುಂಟು. ಕಲ್ಲೂ ಉಕ್ಕೂ ಬೆಳಕನ್ನು ಒಳಬಿಡುವ ವಸ್ತುಗಳಲ್ಲ, ಬೆಳಕು ಪಕ್ಕದಿಂದಲೋ ಮೇಲಿನಿಂದಲೋ ಬೀಳಬೇಕು. ಗೀರು ಹೋದ ದಿಕ್ಕಿಗೇ ದೀಪ ಹಿಡಿದರೆ ಗೀರು ಮಾಯ. ಅಡ್ಡಕ್ಕೆ ಹಿಡಿದರೆ ಅದೇ ಗೀರು ಉತ್ತ ಹೊಲದ ಸಾಲಿನಷ್ಟು ಎದ್ದು ಕಾಣುತ್ತದೆ. ಎರಡು ಕಲ್ಲುಗಳ ಕೆಲಸವನ್ನು ಎರಡು ಚಿತ್ರದಲ್ಲಿ ಪಕ್ಕಪಕ್ಕ ಇಟ್ಟು ಇದು ಮೇಲು, ಇದು ಕೀಳು ಎಂದು ತೀರ್ಪು ಕೊಡುವಾಗ ನಾವು ಹೋಲಿಸುತ್ತಿರುವುದು ಎಷ್ಟೋ ಸಲ ಎರಡು ದೀಪಗಳನ್ನು. ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ಸೂಕ್ಷ್ಮದರ್ಶಕದ ಪೆಟ್ಟಿಗೆಯ ಮೇಲೆ ಸಾವಿರ ಪಟ್ಟು ಎಂದು ಬರೆದಿರುತ್ತದೆ. ಆ ಸಾವಿರ ಪರದೆಯ ಅಗಲದ ಲೆಕ್ಕ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಿಜವಾಗಿ ಸಾವಿರ ಪಟ್ಟು ನೋಡಬೇಕಾದರೆ ಮಸೂರಕ್ಕೂ ಗಾಜಿಗೂ ನಡುವೆ ಎಣ್ಣೆಯ ತೊಟ್ಟು ಬಿಡಬೇಕು.

ಆದ್ದರಿಂದ ಕಲ್ಲನ್ನು ನೋಡುವುದು ಬಿಟ್ಟು ಅದು ಉಕ್ಕಿನ ಮೇಲೆ ಬಿಟ್ಟುಹೋದ ಗುರುತನ್ನು ನೋಡಬೇಕು. ಈ ದಾರಿ ಹಳೆಯದು. ಲಂಡನ್ನಿನಲ್ಲಿ 1665ರಲ್ಲಿ ರಾಬರ್ಟ್ ಹುಕ್ ಮೈಕ್ರೊಗ್ರಾಫಿಯಾ ಪ್ರಕಟಿಸಿದಾಗ ಮೊದಲ ಅಧ್ಯಯನ ಸೂಜಿಯ ಮೊನೆಯದ್ದು, ಎರಡನೆಯದು ಕ್ಷೌರದ ಕತ್ತಿಯ ಬಾಯಿಯದ್ದು. ಚಿಗಟ, ನೊಣದ ಕಣ್ಣು ಎಲ್ಲ ಆಮೇಲೆ. ಹರಿತವೆಂದು ನಂಬಿದ್ದ ಬಾಯಿ ಅವನಿಗೆ ಒರಟು ಅಂಚಾಗಿ, ಮಸೆದ ಗೀರುಗಳ ಸಾಲಾಗಿ ಕಂಡಿತ್ತು.

ಈ ಹೋಲಿಕೆಗೆ ಕ್ಷೌರದ ಕತ್ತಿಯಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಮಚ್ಚನ್ನು ಮಸೆಯುವಾಗ ಓರೆ ಎಷ್ಟು ಎನ್ನುವುದು ಮಸೆಯುವವನ ಮಣಿಕಟ್ಟಿಗೆ ಬಿಟ್ಟದ್ದು. ಕ್ಷೌರದ ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರುತ್ತವೆ, ಓರೆ ತಾನಾಗಿ ನಿಗದಿಯಾಗುತ್ತದೆ. ಕೈಚಳಕದ ವ್ಯತ್ಯಾಸ ಅಷ್ಟರಮಟ್ಟಿಗೆ ಕಡಿಮೆ. ಒಂದು ಕಲ್ಲಿನ ಮೇಲೆ ನೇರಕ್ಕೆ ಎಳೆದಿದ್ದರೆ ಮುಂದಿನ ಕಲ್ಲಿನ ಮೇಲೆ ಸ್ವಲ್ಪ ಓರೆಗೆ ಎಳೆಯಬೇಕು. ಹಳೆಯ ಗೀರುಗಳೆಲ್ಲ ಅಳಿದು ಹೊಸ ದಿಕ್ಕಿನವು ಮಾತ್ರ ಉಳಿದಾಗ ಕಾಣುತ್ತಿರುವುದು ಎರಡನೆಯ ಕಲ್ಲಿನದೇ ಕೆಲಸ ಎಂದು ಗೊತ್ತಾಗುತ್ತದೆ. ಒಂದೇ ಕತ್ತಿ, ಒಂದೇ ದೀಪ, ಒಂದೇ ಓರೆ. ಇಷ್ಟನ್ನು ಪಾಲಿಸದೆ ಕಲ್ಲುಗಳ ಜಾತಿ ಹೇಳಬಾರದು.

ಹೀಗೆ ಇಟ್ಟುಕೊಂಡು ನೋಡಿದೆ. ಬಳಪದ ಕಲ್ಲಿನ ಚೂರು (ಗುಡಿಯದ್ದಲ್ಲ, ಗಾಬರಿ ಬೇಡ) ಉಕ್ಕಿಗೆ ಏನನ್ನೂ ಮಾಡಲಿಲ್ಲ. ನೀರು ಹಸಿರು ಬಿಳುಪಾಗಿಯೇ ಉಳಿಯಿತು. ಉಕ್ಕು ಸವೆದಿದ್ದರೆ ನೀರು ಕಪ್ಪಿಡಬೇಕಿತ್ತು. ತುರುವೇಕೆರೆಯ ಕರಿಕಲ್ಲಿನ ಮೇಲೆ ನನಗೆ ಆಸೆ ಇತ್ತು. ಶ್ರೀರಂಗಪಟ್ಟಣದ ಗುಂಬಜ್‌ನ ಕನ್ನಡಿ ಹೊಳಪಿನ ಕರಿಕಂಬಗಳು ಈ ಸೀಮೆಯವು ಎಂಬ ಮಾತು ಹಿಂದಿನಿಂದಲೂ ಇದೆ, ಅಷ್ಟು ನಯ ಬರುವ ಕಲ್ಲು ಕತ್ತಿಗೂ ನಯ ಕೊಟ್ಟೀತು ಎನ್ನಿಸಿತ್ತು. ಅದೂ ಉಕ್ಕನ್ನು ಸವರಿತೇ ಹೊರತು ತಿನ್ನಲಿಲ್ಲ. ಅದರ ಹಾರ್ನ್‌ಬ್ಲೆಂಡಿನಂಥ ಖನಿಜಗಳು ಐದರಿಂದ ಆರರ ಮೆಟ್ಟಿಲಿನವು, ಉಕ್ಕಿಗೆ ಸರಿಸಮ ಅಥವಾ ಒಂದು ಕೈ ಕಡಿಮೆ. ಹರಳುಗಳು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಹೊಸ ಕಣವೂ ಏಳದು. ಕಂಬಕ್ಕೆ ಹೊಳಪು ತಂದ ಗುಣವೇ ಮಸೆಗಲ್ಲಾಗಲು ಅಡ್ಡಿ ಬಂತು. ಅಂಗಡಿಯ ಕಾರ್ಬೊರಂಡಮ್ ಕಲ್ಲು ಇವೆಲ್ಲಕ್ಕೂ ಎದುರು. 1890ರ ದಶಕದಲ್ಲಿ ಅಮೆರಿಕದ ಆಚೆಸನ್ ವಿದ್ಯುತ್ ಕುಲುಮೆಯಲ್ಲಿ ಮಾಡಿದ ಸಿಲಿಕಾನ್ ಕಾರ್ಬೈಡ್ ಅದು, ಗಡಸುತನ ಒಂಬತ್ತು ದಾಟುತ್ತದೆ. ನಾಲ್ಕು ಸಲ ಎಳೆದರೆ ನೀರು ಮಸಿಯಾಗುತ್ತದೆ. ಆದರೆ ಅದರ ಕಣ ಒಡೆದ ಗಾಜಿನ ಹಾಗೆ ಮೂಲೆ ಮೂಲೆ. ಗೀರು ಆಳ, ಅಂಚು ಕಡಿದಾಗಿ ಕಾಣುತ್ತದೆ. ಕೋಟಿಕ್ಯೂಲ್ ಮೇಲೆ ಅದೇ ಕತ್ತಿಯನ್ನು ಎಳೆದ ನಂತರ ಗೀರುಗಳು ಒಂದರೊಳಗೊಂದು ಕರಗಿ ಮಂಜು ಕವಿದಂತಾದವು. ಹೊಳಪಿನಲ್ಲಿ ಅರ್ಕಾನ್ಸಾದ ಕಲ್ಲು ಮುಂದಿದೆ. ಹೊಳಪು ಕಣ್ಣಿಗೆ ಮೆಚ್ಚಾದದ್ದು ಕೆನ್ನೆಗೂ ಮೆಚ್ಚಾಗಬೇಕೆಂಬ ನಿಯಮ ಇಲ್ಲ. ಮಂಜು ಕವಿದ ಬಾಯಿ ನನ್ನ ಕೆನ್ನೆಗೆ ಹೆಚ್ಚು ಹಿತ ಅನ್ನಿಸಿತು. ಇದನ್ನು ಪುರಾವೆ ಎಂದು ಯಾರೂ ಒಪ್ಪಬೇಕಿಲ್ಲ.

ಇನ್ನೊಂದು ಕಲ್ಲು ಇತ್ತು. ನಾನು ಹೋಗುವ ಕ್ಷೌರದಂಗಡಿಯವರದ್ದು, ಅವರ ತಂದೆಯ ಕಾಲದ್ದು, ತಗಡಿನ ಪೆಟ್ಟಿಗೆಯಲ್ಲಿ ಅರಿವೆ ಸುತ್ತಿ ಇಟ್ಟಿದ್ದರು. ಬೂದು ಹಸಿರು ಬಣ್ಣ, ನಡುವೆ ಸವೆದು ದೋಣಿಯಾಗಿದೆ. ಆ ಮನೆಯವರು ವಾಲಗದವರೂ ಹೌದು. ಮದುವೆ ತಿಂಗಳಲ್ಲಿ ಅಂಗಡಿ ಬಾಗಿಲು ಹಾಕಿರುತ್ತದೆ. ಈಗ ಅಂಗಡಿಯಲ್ಲಿ ಮಸೆಯುವ ಕೆಲಸವೇ ಇಲ್ಲ. ಎಚ್‌ಐವಿಯ ಭಯ ಹಬ್ಬಿದ ಮೇಲೆ ಎಲ್ಲೆಡೆಯಂತೆ ಇಲ್ಲೂ ಬ್ಲೇಡನ್ನು ಎರಡು ತುಂಡು ಮಾಡಿ ಹಿಡಿಗೆ ಸಿಕ್ಕಿಸಿ, ಒಬ್ಬರಿಗೆ ಬಳಸಿ ಎಸೆಯುತ್ತಾರೆ. ಅದು ಸರಿಯಾದದ್ದೇ. ಹಳೆಯದು ಹೋಯಿತು ಎಂದು ಇಲ್ಲಿ ಕೊರಗುವವರು ಬೇರೆಯವರ ಗಲ್ಲದ ಕತ್ತಿಯನ್ನು ತಮ್ಮ ಗಲ್ಲಕ್ಕೆ ಹಾಕಿಸಿಕೊಳ್ಳಲು ಸಿದ್ಧರಿರಬೇಕು.

ಅವರು ತೋರಿಸಿಕೊಟ್ಟ ಹಳೆಯ ಪರೀಕ್ಷೆ ಒಂದಿದೆ. ಬಾಯಿಯನ್ನು ಹೆಬ್ಬೆರಳ ಉಗುರಿನ ಮೇಲೆ ಭಾರ ಬಿಡದೆ ಎಳೆಯುವುದು. “ಮುಕ್ಕಾಗಿದ್ರೆ ತಡೀತದೆ ಸಾರ್, ಇಲ್ದಿದ್ರೆ ಬೆಣ್ಣೆ ತರ ಹೋಗ್ತದೆ. ನಮ್ಮಪ್ಪ ಕಣ್ಣು ಮಂಜಾದ ಮೇಲೂ ಹಿಂಗೇ ನೋಡ್ತಿದ್ರು” ಎಂದರು. ಮಾಡಿ ನೋಡಿದೆ. ಮುಕ್ಕನ್ನು ಉಗುರು ನಿಜಕ್ಕೂ ಹಿಡಿಯುತ್ತದೆ, ನನ್ನ ಸೂಕ್ಷ್ಮದರ್ಶಕದ ಕ್ಯಾಮೆರಾಕ್ಕಿಂತ ಬೇಗ ಹಿಡಿಯುತ್ತದೆ. ಆದರೆ ಕೋಟಿಕ್ಯೂಲಿನ ಬಾಯಿಗೂ ಅರ್ಕಾನ್ಸಾದ ಬಾಯಿಗೂ ಇರುವ ಅಂತರ ಉಗುರಿಗೆ ದಕ್ಕಲಿಲ್ಲ. ಹಿರಿಯರ ವಿದ್ಯೆ ಎಂದು ಎಲ್ಲಕ್ಕೂ ತಲೆಬಾಗುವ ಅಗತ್ಯವಿಲ್ಲ. ಅವರಿಗೆ ಬೇಕಾದ್ದು ಮುಕ್ಕು ಇದೆಯೋ ಇಲ್ಲವೋ ಎನ್ನುವುದಷ್ಟೇ, ಉಳಿದದ್ದನ್ನು ತೊಗಲಪಟ್ಟಿ ನೋಡಿಕೊಳ್ಳುತ್ತಿತ್ತು. ಕಲ್ಲಿನ ಮೇಲೆ ಬಾಯಿ ಮುಂದಾಗಿ ಸಾಗಿದ ಕತ್ತಿ ತೊಗಲಿನ ಮೇಲೆ ಬೆನ್ನು ಮುಂದಾಗಿ ಸಾಗುತ್ತದೆ, ಕಲ್ಲು ಬಿಟ್ಟ ತೆಳು ಮಡಿಕೆಯನ್ನು ತೊಗಲು ನೇರ ಮಾಡುತ್ತದೆ.

ಬೆಳಕಿನ ಸೂಕ್ಷ್ಮದರ್ಶಕಕ್ಕೂ ಒಂದು ಗಡಿ ಇದೆ. ಮೈಕ್ರಾನಿನ ಐದನೆಯ ಒಂದು ಪಾಲಿಗಿಂತ ಸಣ್ಣದನ್ನು ಎಷ್ಟೇ ದುಡ್ಡು ಸುರಿದರೂ ಮಾಮೂಲಿ ಮಸೂರ ಬಿಡಿಸಿ ತೋರಿಸದು. ಬೆಳಕಿನ ಅಲೆಯೇ ಅಷ್ಟು ದಪ್ಪ. ಕತ್ತಿಯ ಬಾಯಿಯ ತುದಿ ಸರಿಯಾಗಿ ಅಲ್ಲೇ ಕೂತಿದೆ. ಅದಕ್ಕಿಂತ ಆಚೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಅಮೆರಿಕದ ಎಂಐಟಿಯಲ್ಲಿ ಜೆಮ್ ತಾಸಾನ್ ಅವರ ತಂಡ ಅಂಥ ಯಂತ್ರದ ಒಳಗೇ ಕೂದಲು ಕತ್ತರಿಸಿ ನೋಡಿ 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆಯಿತು: ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆತ್ತಗಿರುವ ಕೂದಲು ಉಕ್ಕಿನ ಬಾಯನ್ನು ಮುಕ್ಕು ಮಾಡುತ್ತದೆ. ಬಾಯಿ ಸವೆದು ಮೊಂಡಾಗುವುದಕ್ಕಿಂತ ಚೂರು ಹಾರಿ ಮೊಂಡಾಗುತ್ತದೆ. ಉಕ್ಕಿನ ಒಳರಚನೆ ಎಲ್ಲ ಕಡೆ ಒಂದೇ ಹದದಲ್ಲಿ ಇರದೆ, ಕೂದಲು ಬಾಗಿ ಒಂದು ಪಕ್ಕದಿಂದ ಒತ್ತಿ, ಅಲ್ಲಿ ಮೊದಲೇ ಒಂದು ಸಣ್ಣ ಕೊರೆ ಇದ್ದರೆ ಚೂರು ಕಳಚುತ್ತದೆ. ಮೊದಲೇ ಇರುವ ಆ ಕೊರೆಗೆ ಕಲ್ಲಿನ ಆಳದ ಗೀರೂ ಒಂದು ಕಾರಣವಾಗಬಹುದು ಎಂದು ನನ್ನ ಊಹೆ.

ಬೂದು ಹಸಿರು ಕಲ್ಲಿನ ವಿಚಾರ ಉಳಿಯಿತು. ಅದು ಬಿಟ್ಟ ಗೀರುಗಳು ಸಣ್ಣವು, ಸಾಲಾಗಿ ಸಮನಾಗಿವೆ, ಕೋಟಿಕ್ಯೂಲಿನ ಮಂಜಿಗಿಂತ ಸ್ವಲ್ಪ ತೀಕ್ಷ್ಣ. ಯಾವುದೋ ಸ್ಲೇಟು ಇರಬಹುದು. ಯಾವ ಗಣಿ, ಯಾವ ಬೆಟ್ಟ, ಈ ಸೀಮೆಯದೋ ಹಡಗಿನಲ್ಲಿ ಬಂದದ್ದೋ, ಗೀರು ನೋಡಿ ಹೇಳಲು ಬರುವುದಿಲ್ಲ. ಅದಕ್ಕೆ ಭೂವಿಜ್ಞಾನದವರ ದಾರಿಯೇ ಬೇಕು. ಕಲ್ಲಿನಿಂದ ಒಂದು ಚಕ್ಕೆ ಕೊಯ್ದು, ಗಾಜಿಗೆ ಅಂಟಿಸಿ, 0.03 ಮಿಲಿಮೀಟರಿಗೆ ಬರುವ ತನಕ ತೇಯುತ್ತಾರೆ. ಆಗ ಕಲ್ಲಿನೊಳಗೂ ಬೆಳಕು ಹಾಯುತ್ತದೆ. ಒಂದಕ್ಕೊಂದು ಅಡ್ಡ ಹಿಡಿದ ಎರಡು ಧ್ರುವಕಗಳ ನಡುವೆ ಇಟ್ಟು ತಿರುಗಿಸಿದರೆ ಅಭ್ರಕ, ಟಾಲ್ಕ್ ಬಣ್ಣಬಣ್ಣವಾಗಿ ಮಿನುಗುತ್ತವೆ, ಬೆಣಚು ಬೂದಿಯಾಗಿ ಹೊಳೆದು ಆರುತ್ತದೆ, ಗಾರ್ನೆಟ್ ಮಾತ್ರ ಯಾವ ಕಡೆ ತಿರುಗಿಸಿದರೂ ಕಪ್ಪಗೇ ಕೂತಿರುತ್ತದೆ.

ಇದನ್ನೆಲ್ಲ ಅಂಗಡಿಯವರಿಗೆ ವಿವರಿಸಿ, ಒಂದು ಮೂಲೆ ಕೊಯ್ಯಲು ಕೊಡುತ್ತೀರಾ ಎಂದು ಕೇಳಿದೆ. ಅವರು ಗಿರಾಕಿಯ ಕತ್ತಿನ ಸುತ್ತ ಬಟ್ಟೆ ಕಟ್ಟುತ್ತ, “ನೋಡೋದಾದ್ರೆ ಇಲ್ಲೇ ಕೂತ್ಕೊಂಡು ಎಷ್ಟೊತ್ತಾದ್ರೂ ನೋಡಿ ಸಾರ್, ಕೊಯ್ಯೋದು ಗಿಯ್ಯೋದು ಬ್ಯಾಡ” ಎಂದರು.